ಹಳೇ ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸ್ ಲೀಕ್: ರಟ್ಟು, ಪೌಡರ್, ಯುವಿ ಟಾರ್ಚ್, ಮೆಕ್ಯಾನಿಕ್‌ನ ಕಣ್ಣು

ಗೇರ್‌ಬಾಕ್ಸ್ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕಲು ಸಾಮಾನ್ಯವಾಗಿ ಮೂರು ದಾರಿ ಹೇಳುತ್ತಾರೆ. ಕಾರಿನ ಕೆಳಗೆ ರಟ್ಟು ಹಾಸಿ ನೋಡುವುದು ಒಂದು. ತೊಳೆದು, ಒಣಗಿಸಿ, ಬಿಳಿ ಪೌಡರ್ ಹಾಕುವುದು ಇನ್ನೊಂದು. ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಡುವುದು ಮೂರನೆಯದು. ನಾಲ್ಕನೆಯದೂ ಇದೆ, ಎಲ್ಲಕ್ಕಿಂತ ಬೇಗ ಮುಗಿಯುವುದು ಅದೇ. ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ, "ಚೇಂಬರ್ ಪ್ಯಾಕಿಂಗ್ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ" ಅನ್ನುವುದು. ಗ್ಯಾರೇಜಿನವರು ಚೇಂಬರ್ ಅನ್ನುವುದು ಗೇರ್‌ಬಾಕ್ಸ್ ತಳದ ತಗಡಿನ ಪ್ಯಾನ್, ಪ್ಯಾಕಿಂಗ್ ಅಂದರೆ ಅದರ ಅಂಚಿನ ಸೀಲ್. ನಾಲ್ಕನ್ನೂ ಒಂದೇ ಕಾರಿನ ಮೇಲೆ ಮಾಡಿ ನೋಡಿದೆ. ನಾಲ್ಕೂ ಒಂದೇ ಜಾಗ ತೋರಿಸಲಿಲ್ಲ.

ಕಾರು 1990ರ ದಶಕದ ಕೊನೆಯದು. ಜರ್ಮನಿಯದು, ಎರಡೇ ಸೀಟು, ಲೋಹದ ಟಾಪ್ ಮಡಚಿ ಡಿಕ್ಕಿಯೊಳಗೆ ಹೋಗುತ್ತದೆ. ಐದು ಗೇರಿನ ಆಟೊಮ್ಯಾಟಿಕ್, ಗೇರ್‌ಬಾಕ್ಸ್ ನಂಬರ್ 722.6. ಚಿಕ್ಕಮಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳೇ ನಮ್ಮ ತೋಟದ ರಸ್ತೆಗಳಲ್ಲಿ ನಡೆದಿವೆ. ಆಲ್ದೂರಿನಿಂದ ಮೂಡಿಗೆರೆ ತನಕ ಯಾರ ಶೆಡ್ ಬಾಗಿಲು ತೆಗೆದರೂ ಏನಾದರೂ ಒಂದು ಹಳೇ ಗಾಡಿ ಇರುತ್ತದೆ. ತೊಂದರೆ ಏನೆಂದರೆ ನಮ್ಮ ಕಾರು ನಿಲ್ಲುವುದು ಕಾಫಿ ಕಣದ ಪಕ್ಕ. ಕಾಫಿ ಬೀಜಕ್ಕೆ ಸುತ್ತಲಿನ ವಾಸನೆ ಬೇಗ ಹತ್ತುತ್ತದೆ. ಕಣದ ಸಿಮೆಂಟಿನ ಮೇಲೆ ಕೆಂಪು ಎಣ್ಣೆಯ ತೊಟ್ಟು ಕಂಡರೆ ಮನೆಯಲ್ಲಿ ಆಗುವ ಮಾತುಕತೆ ಬೇರೆಯೇ.

ಹಾಗಾಗಿ ಶುರು ರಟ್ಟಿನಿಂದ. ಫ್ರಿಜ್ ಬಂದ ದೊಡ್ಡ ಪೆಟ್ಟಿಗೆ ಬಿಚ್ಚಿ ಹಾಸಬೇಕು. ನಾಲ್ಕು ಚಕ್ರ ಎಲ್ಲಿ ಬರುತ್ತವೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಬೇಕು. ಬೆಳಿಗ್ಗೆ ತೆಗೆದು ನೋಡಿದರೆ ಎರಡು ವಿಷಯ ಗೊತ್ತಾಗುತ್ತದೆ: ಬಣ್ಣ ಮತ್ತು ಪ್ರಮಾಣ. ಆಟೊಮ್ಯಾಟಿಕ್ ಎಣ್ಣೆ ಹೊಸದಾಗಿದ್ದಾಗ ಕೆಂಪು, ಹಳೆಯದಾದಂತೆ ಕಂದು. ಎಂಜಿನ್ ಆಯಿಲ್ ಕಂದು ಇಲ್ಲವೇ ಕಪ್ಪು. ಕೂಲೆಂಟ್ ನೀರಿನ ಹಾಗೆ ತೆಳ್ಳಗಿರುತ್ತದೆ, ಎಣ್ಣೆಯ ಜಿಡ್ಡು ಇರುವುದಿಲ್ಲ. ಮ್ಯಾನುಯಲ್ ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ ಎಣ್ಣೆಯನ್ನು ಮೂಗಿನಲ್ಲೇ ಹಿಡಿಯಬಹುದು, ಗಂಧಕದ ಘಾಟು ಇರುತ್ತದೆ. ಒಂದು ಕಡೆ ಮಾತ್ರ ಗೊಂದಲ. ಹಳೇ ಕಾರುಗಳಲ್ಲಿ ಎಷ್ಟೋ ಸಲ ಪವರ್ ಸ್ಟೀರಿಂಗ್‌ಗೂ ಇದೇ ಕೆಂಪು ಎಣ್ಣೆ ಹಾಕಿರುತ್ತಾರೆ. ಕೆಂಪು ಕಂಡ ಕೂಡಲೇ ಗೇರ್‌ಬಾಕ್ಸ್ ಅಂತ ಹಾರುವ ಮೊದಲು ಸ್ಟೀರಿಂಗ್ ಡಬ್ಬದ ಮಟ್ಟ ನೋಡಿಬಿಡಿ.

ಜಾಗದ ವಿಷಯದಲ್ಲಿ ರಟ್ಟನ್ನು ನಂಬಬಾರದು. ತೊಟ್ಟು ಬೀಳುವುದು ಎಣ್ಣೆ ಹೊರಬರುವ ಜಾಗದಿಂದ ಅಲ್ಲ, ಎಣ್ಣೆ ಇಳಿದು ಬಂದು ನಿಲ್ಲುವ ಅತಿ ತಗ್ಗಿನ ಜಾಗದಿಂದ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಕೆಳಗೆ ಪ್ಲಾಸ್ಟಿಕ್ ಟ್ರೇ ಇದ್ದರೆ ಅದರಲ್ಲಿ ತುಂಬಿಕೊಂಡು ಇನ್ನೆಲ್ಲೋ ಬೀಳುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಕಾಟ: ಸಮತಟ್ಟಾದ ನೆಲ ಸಿಗುವುದೇ ಕಷ್ಟ. ಮೂತಿ ಕೆಳಗಾಗಿ ನಿಲ್ಲಿಸಿದ ರಾತ್ರಿ ಕಲೆ ಒಂದು ಕಡೆ, ಕಣದ ಮಟ್ಟದಲ್ಲಿ ನಿಲ್ಲಿಸಿದ ರಾತ್ರಿ ಇನ್ನೊಂದು ಕಡೆ. ನಮ್ಮ ಕಾರಿನಲ್ಲಿ ರಟ್ಟು ತೋರಿಸಿದ್ದು ಚೇಂಬರ್‌ನ ಹಿಂದಿನ ಮೂಲೆ. ಮೆಕ್ಯಾನಿಕ್ ಹೇಳಿದ್ದೂ ಅದೇ. ಅವರೂ ನೋಡಿದ್ದು ತೊಟ್ಟನ್ನೇ ಅಲ್ವಾ.

ಅವರನ್ನು ತಪ್ಪು ಅನ್ನುವಂತಿಲ್ಲ. ಚೇಂಬರ್ ಪ್ಯಾಕಿಂಗ್ ಹಳೆಯದಾದರೆ ಜಿನುಗುವುದು ನಿಜ. ಅನುಭವಸ್ಥರ ಊಹೆ ಹತ್ತು ಕಾರಿನಲ್ಲಿ ಏಳೆಂಟಕ್ಕೆ ಹೊಂದಬಹುದು. ಆದರೆ ಈ ಗೇರ್‌ಬಾಕ್ಸ್‌ನಲ್ಲಿ ಅನುಮಾನದ ಪಟ್ಟಿ ಉದ್ದ ಇದೆ. ಚೇಂಬರ್ ಪ್ಯಾಕಿಂಗ್, ವೈರಿಂಗ್ ಹೋಗುವ 13 ಪಿನ್ನಿನ ಕನೆಕ್ಟರ್, ರೇಡಿಯೇಟರ್ ಕಡೆ ಹೋಗುವ ಕೂಲರ್ ಪೈಪುಗಳು, ಗೇರ್ ಲಿವರ್ ಶಾಫ್ಟಿನ ಸೀಲ್, ಪ್ರೊಪೆಲ್ಲರ್ ಶಾಫ್ಟ್ ಕಡೆಯ ಹಿಂದಿನ ಸೀಲ್, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಹಿಂದಿನ ಪಂಪ್ ಸೀಲ್. ಕೊನೆಯದಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು, ದೊಡ್ಡ ಖರ್ಚು. ಕನೆಕ್ಟರ್ ಆದರೆ ಒಂದು ಸಣ್ಣ ಪ್ಲಾಸ್ಟಿಕ್ ತುಂಡು, ಎರಡು ಓ ರಿಂಗ್ (ರಬ್ಬರ್ ಉಂಗುರ), ಒಂದು ಬೋಲ್ಟ್. ಒಂದು ತುದಿಗೂ ಇನ್ನೊಂದು ತುದಿಗೂ ಇಷ್ಟು ಅಂತರ ಇರುವಾಗ ಊಹೆಯ ಮೇಲೆ ಬಿಚ್ಚಿಸುವುದು ನನಗೆ ಒಪ್ಪಿಗೆ ಆಗಲಿಲ್ಲ.

ಪೌಡರ್‌ಗೂ ಯುವಿಗೂ ಹೋಗುವ ಮೊದಲು ತೊಳೆಯುವುದು ಕಡ್ಡಾಯ. ಈ ಹೋಲಿಕೆಯಲ್ಲಿ ನಿಜವಾಗಿ ಗೆದ್ದದ್ದು ಬಹುಶಃ ಇದೇ. ಇಪ್ಪತ್ತು ವರ್ಷದ ಜಿಡ್ಡು, ಕೆಮ್ಮಣ್ಣು, ಕೊಳೆತ ಎಲೆ ಎಲ್ಲ ಅಂಟಿಕೊಂಡ ಗೇರ್‌ಬಾಕ್ಸ್ ಮೇಲೆ ಹೊಸ ಎಣ್ಣೆ ಯಾವುದು, ಹಳೆಯದು ಯಾವುದು ಅಂತ ಯಾರಿಗೂ ಹೇಳಲಾಗುವುದಿಲ್ಲ. ವಾಟರ್ ಸರ್ವಿಸ್‌ಗೆ ಬಿಟ್ಟು ಬರುವುದಾದರೆ ಪಕ್ಕದಲ್ಲೇ ನಿಂತಿರಿ. ಜೋರು ನೀರನ್ನು ಕನೆಕ್ಟರ್ ಮೇಲೆ, ಗೇರ್‌ಬಾಕ್ಸಿನ ಬ್ರೀದರ್ (ಗಾಳಿಯಾಡುವ ತೂತು) ಮೇಲೆ ಹೊಡೆಯಬಾರದು. ನಾನು ಡಿಗ್ರೀಸರ್, ಬ್ರಶ್, ಬನಿಯನ್ ವೇಸ್ಟ್ ಹಿಡಿದು ಕೈಯಲ್ಲೇ ಮಾಡಿದೆ. ಸೋಪಿನ ಪುಡಿ ಮಾತ್ರ ಬೇಡ. ಯಾಕೆ ಅಂತ ಯುವಿ ವಿಷಯ ಬಂದಾಗ ಹೇಳುತ್ತೇನೆ. ಬರೀ ಜಾಕ್ ಮೇಲೆ ಎತ್ತಿದ ಕಾರಿನ ಕೆಳಗೆ ಯಾವತ್ತೂ ನುಗ್ಗಬೇಡಿ. ರ‍್ಯಾಂಪ್ ಇಲ್ಲವೇ ಗಟ್ಟಿ ಸ್ಟ್ಯಾಂಡ್ ಇರಬೇಕು. ಪಿಟ್ ಇರುವ ಗ್ಯಾರೇಜ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಪೌಡರ್ ಅಗ್ಗ. ಮಕ್ಕಳ ಟಾಲ್ಕಂ ಪೌಡರನ್ನು ಒಣಗಿದ ಗೇರ್‌ಬಾಕ್ಸ್ ಮೇಲೆ ತೆಳ್ಳಗೆ ಉದುರಿಸಿ, ಒಂದು ಸುತ್ತು ಓಡಿಸಿ ಬಂದರೆ ಬಿಳಿಯ ಮೇಲೆ ಎಣ್ಣೆಯ ಗೆರೆ ಕಾಣಬೇಕು. ಫೆಬ್ರವರಿಯ ಒಣ ಹವೆಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜೂನ್ ಆದ ಮೇಲೆ ಮರೆತುಬಿಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಪೌಡರ್ ಗಂಟು ಕಟ್ಟುತ್ತದೆ. ಚಕ್ರದಿಂದ ಹಾರಿದ ನೀರು ಗೆರೆಯನ್ನೂ ಅಳಿಸಿ ಸುಳ್ಳು ಗೆರೆ ಬೇರೆ ಎಳೆಯುತ್ತದೆ. ಇನ್ನೊಂದು ತೊಂದರೆ, ಪೌಡರ್ ಮಟ್ಟಸವಾದ ಮೈಗೆ ಮಾತ್ರ. ತಲೆ ಕೆಳಗಾದ ಜಾಗಕ್ಕೆ, ಬ್ರಾಕೆಟ್ ಸಂದಿಗೆ ಅದು ಅಂಟುವುದಿಲ್ಲ.

ಅದಕ್ಕೆ ಪರಿಹಾರವಾಗಿ ಹಾಸನದ ವೆಲ್ಡಿಂಗ್ ಸಾಮಾನಿನ ಅಂಗಡಿಯಿಂದ ಬಿಳಿ ಡೆವಲಪರ್ ಸ್ಪ್ರೇ ತಂದೆ. ಲೋಹದ ಬಿರುಕು ಹುಡುಕಲು ಬಳಸುವುದು ಅದು. ಹೊಡೆದ ಕೂಡಲೇ ಸುಣ್ಣ ಬಳಿದಂತೆ ಬೆಳ್ಳಗೆ ಒಣಗುತ್ತದೆ, ಸಂದಿಗೂ ಅಂಟುತ್ತದೆ. ಟಾಲ್ಕಂಗಿಂತ ಎಷ್ಟೋ ಮೇಲು. ಬೇಗ ಬೆಂಕಿ ಹತ್ತುವ ದ್ರಾವಣ ಇರುವುದರಿಂದ ಸೈಲೆನ್ಸರ್ ಪೈಪ್ ಪೂರ್ತಿ ತಣ್ಣಗಾದ ಮೇಲೆಯೇ ಹೊಡೆಯಬೇಕು. ಇದು ತೋರಿಸಿದ ವಿಷಯವೇ ಮೊದಲ ಗಟ್ಟಿ ಸುಳಿವು. ಎಣ್ಣೆಯ ಗೆರೆ ಚೇಂಬರ್ ಅಂಚಿನಿಂದ ಶುರುವಾಗಿರಲಿಲ್ಲ. ಅದಕ್ಕಿಂತ ಮೇಲಿಂದ, ಬಲಗಡೆಯಿಂದ ಇಳಿದು, ಅಂಚಿಗೆ ತಾಗಿ, ಅಂಚಿನ ಉದ್ದಕ್ಕೂ ಹಿಂದಕ್ಕೆ ಹರಿದಿತ್ತು. ಅಲ್ಲಿಗೆ ಪ್ಯಾಕಿಂಗ್ ಮೇಲಿನ ಅನುಮಾನ ಮುಕ್ಕಾಲು ಭಾಗ ಹೋಯಿತು. ಆದರೆ ಮೇಲೆ ಎಲ್ಲಿಂದ ಅನ್ನುವುದು ತಿಳಿಯಲಿಲ್ಲ. ಅಲ್ಲಿ ಬಿಸಿ ತಡೆಯುವ ತಗಡು ಅಡ್ಡ ಇತ್ತು, ಹತ್ತಿರದಲ್ಲೇ ಕೂಲರ್ ಪೈಪ್ ಕೂಡ ಹಾದು ಹೋಗಿತ್ತು.

ಇಲ್ಲಿ ಯುವಿ ಬೇಕಾಯಿತು. ಆಟೊಮ್ಯಾಟಿಕ್ ಎಣ್ಣೆಗೆ ಹೊಂದುವ, ಎಣ್ಣೆಯಲ್ಲಿ ಕರಗುವ ಬಣ್ಣವನ್ನೇ ತರಬೇಕು. ಕೂಲೆಂಟಿಗೆ ಹಾಕುವುದು ಬೇರೆ, ಎಸಿಗೆ ಹಾಕುವುದು ಬೇರೆ. ಬಾಟಲಿ ಮೇಲೆ ಬರೆದಷ್ಟೇ ಹಾಕಿ, ಜಾಸ್ತಿ ಹಾಕಿದರೆ ಜಾಸ್ತಿ ಹೊಳೆಯುತ್ತದೆ ಅಂತೇನಿಲ್ಲ. ಈ ಗೇರ್‌ಬಾಕ್ಸಿಗೆ ಮಾಲೀಕರಿಗೆ ಅಂತ ಡಿಪ್‌ಸ್ಟಿಕ್ಕೇ ಕೊಟ್ಟಿಲ್ಲ. ಬರೀ ಟ್ಯೂಬ್, ಅದರ ಮೇಲೆ ಲಾಕ್ ಇರುವ ಮುಚ್ಚಳ. ಆ ಟ್ಯೂಬಿನಲ್ಲೇ ಬಣ್ಣ ಸುರಿಯಬೇಕು. ಮಟ್ಟ ನೋಡಲು ಬೇರೆ ಕಡ್ಡಿ ಬೇಕು. ಅದೂ ಎಂಜಿನ್ ಓಡುತ್ತಿರಬೇಕು, ನೆಲ ಮಟ್ಟವಾಗಿರಬೇಕು, ಎಣ್ಣೆ 80 ಡಿಗ್ರಿ ಬಿಸಿಯಾಗಿರಬೇಕು. ತಣ್ಣಗಿದ್ದಾಗ ನೋಡಿ ತುಂಬಿಸಿದರೆ ಜಾಸ್ತಿಯಾಗುತ್ತದೆ. ಜಾಸ್ತಿಯಾದ ಎಣ್ಣೆ ನೊರೆಯೆದ್ದು ಬ್ರೀದರ್‌ನಿಂದ ಹೊರಬಂದರೆ ಇಲ್ಲದ ಲೀಕ್ ಹುಡುಕುತ್ತಾ ಕೂರಬೇಕು.

ಬಣ್ಣ ಹಾಕಿದ ಮೇಲೆ ಎಣ್ಣೆ ಚೆನ್ನಾಗಿ ಬಿಸಿಯಾಗಬೇಕು. ಬೇಲೂರು ರಸ್ತೆಯಲ್ಲಿ ನೆಟ್ಟಗೆ ಹೋಗಿ ಬಂದರೆ ಸಾಲದು. ಕೈಮರದಿಂದ ಅತ್ತಿಗುಂಡಿ ಕಡೆ ಹತ್ತಿಸಿದೆ. ಕೆಳ ಗೇರಿನಲ್ಲಿ ಏರು ಹತ್ತುವಾಗ ಟಾರ್ಕ್ ಕನ್ವರ್ಟರ್ ಬಿಸಿಯಾಗಿ ಎಣ್ಣೆ ತೆಳ್ಳಗಾಗುತ್ತದೆ, ಜಿನುಗುವ ಜಾಗ ಬೇಗ ಬಾಯಿಬಿಡುತ್ತದೆ. ಬಂದ ಮೇಲೆ ಒಂದು ಸಲ ಕೂಡಲೇ ನೋಡಿ, ರಾತ್ರಿ ನಿಲ್ಲಿಸಿ ಬೆಳಗಿನ ಜಾವ ಇನ್ನೊಂದು ಸಲ ನೋಡಿ. ಯಾಕೆಂದರೆ ಕೂಲರ್ ಪೈಪ್ ಸೋರುವುದು ಎಂಜಿನ್ ಓಡುವಾಗ, ಒತ್ತಡ ಇರುವಾಗ. ನಿಂತ ಮೇಲೆ ಕನ್ವರ್ಟರ್‌ನಲ್ಲಿದ್ದ ಎಣ್ಣೆ ನಿಧಾನವಾಗಿ ಚೇಂಬರಿಗೆ ಇಳಿದು ಮಟ್ಟ ಮೇಲೇರುತ್ತದೆ. ಆಗ ಸೋರುವ ಸೀಲ್‌ಗಳೇ ಬೇರೆ.

ಟಾರ್ಚ್ ವಿಷಯದಲ್ಲಿ ಕಂಜೂಸುತನ ಬೇಡ. ನೋಟು ಚೆಕ್ ಮಾಡುವ ಅಗ್ಗದ ಟಾರ್ಚುಗಳು ಹೆಚ್ಚಾಗಿ 395 ನ್ಯಾನೊಮೀಟರ್ ತರಂಗಾಂತರದವು. ಅದರಲ್ಲಿ ಎಲ್ಲವೂ ನೇರಳೆಯಾಗಿ ಕಂಡು ಬಣ್ಣದ ಹೊಳಪು ಮುಳುಗಿಹೋಗುತ್ತದೆ. 365ರದ್ದು ತಂದರೆ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ, ಎಣ್ಣೆ ಮಾತ್ರ ಹಸಿರು ಹಳದಿಯಾಗಿ ಎದ್ದು ಕಾಣುತ್ತದೆ. ಹಳದಿ ಕನ್ನಡಕ ಜೊತೆಗಿದ್ದರೆ ಕಣ್ಣಿಗೂ ಒಳ್ಳೆಯದು. ಕತ್ತಲಿಗಂತೂ ನಮ್ಮಲ್ಲಿ ಬರ ಇಲ್ಲ, ಮಳೆ ಹನಿ ಬಿದ್ದರೆ ಕರೆಂಟ್ ಹೋಗಿರುತ್ತದೆ.

ಸುಳ್ಳು ಹೊಳಪುಗಳ ಬಗ್ಗೆ ಎಚ್ಚರ ಬೇಕು. ಬಟ್ಟೆ ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹಾಕುವ ವಸ್ತು ಯುವಿಯಲ್ಲಿ ನೀಲಿಯಾಗಿ ಮಿನುಗುತ್ತದೆ. ತೊಳೆಯಲು ಸೋಪಿನ ಪುಡಿ ಬೇಡ ಅಂದಿದ್ದು ಇದಕ್ಕೇ. ಕೆಲವು ಕೂಲೆಂಟುಗಳೂ ಹಸಿರಾಗಿ ಹೊಳೆಯುತ್ತವೆ. ಬಣ್ಣ ಸುರಿಯುವಾಗ ಟ್ಯೂಬಿನ ಹೊರಗೆ ಚೆಲ್ಲಿದ್ದನ್ನು ಆಗಲೇ ಒರೆಸದಿದ್ದರೆ, ಅದೇ ಕೆಳಗಿಳಿದು ಟ್ಯೂಬಿನ ಬುಡದ ಓ ರಿಂಗ್ ಮೇಲೆ ಅನುಮಾನ ತರುತ್ತದೆ.

ಹುಡುಕುವ ನಿಯಮ ಒಂದೇ: ಹೊಳೆಯುವ ಜಾಗಗಳಲ್ಲಿ ಅತಿ ಮೇಲಿನದು ಮತ್ತು ಅತಿ ಮುಂದಿನದು ಯಾವುದು? ಎಣ್ಣೆ ಕೆಳಕ್ಕೂ ಹಿಂದಕ್ಕೂ ಹೋಗುತ್ತದೆ, ಮೇಲಕ್ಕೂ ಮುಂದಕ್ಕೂ ತಾನಾಗಿ ಹೋಗುವುದಿಲ್ಲ. ತಗಡು ಬಿಚ್ಚಿ, ಸಣ್ಣ ಕನ್ನಡಿ ಹಿಡಿದು ನೋಡಿದಾಗ ಆ ಜಾಗ ಸಿಕ್ಕಿತು. 13 ಪಿನ್ನಿನ ಕನೆಕ್ಟರ್‌ನ ಸುತ್ತ ಹಸಿರು ಉಂಗುರ. ಕೂಲರ್ ಪೈಪಿನ ಕ್ರಿಂಪ್ (ಹಿಸುಕಿ ಕೂಡಿಸಿದ ಜಾಗ) ಹತ್ತಿರ ಬರೀ ಮಸುಕು ಹೊಳಪು.

ಈ ಕನೆಕ್ಟರ್ ಲೀಕ್ 722.6 ಗೇರ್‌ಬಾಕ್ಸಿನಲ್ಲಿ ಎಲ್ಲರಿಗೂ ಗೊತ್ತಿರುವ ಕಾಯಿಲೆ. ಬಿಸಿಗೆ ಓ ರಿಂಗ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಸಣ್ಣದು ಅಂತ ಬಿಡುವ ಹಾಗಿಲ್ಲ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಎಣ್ಣೆ ವೈರುಗಳ ಒಳಗೇ ಏರುತ್ತಾ ಗೇರ್‌ಬಾಕ್ಸಿನ ಕಂಪ್ಯೂಟರ್ ತನಕ ಹೋಗಬಲ್ಲದು. ಹೋದರೆ ಗೇರ್ ಬದಲಾಗುವುದರಲ್ಲಿ ತಕರಾರು ಶುರು. ಹಾಗಾಗಿ ಕನೆಕ್ಟರ್ ಬಿಚ್ಚುವವರು ಇನ್ನೊಂದು ತುದಿಯನ್ನೂ ಬಿಚ್ಚಿ ಯುವಿ ಹಾಕಿ ನೋಡಬೇಕು. ನಮ್ಮದರಲ್ಲಿ ಆ ತುದಿ ಒಣಗಿತ್ತು. ಈ ತಪಾಸಣೆ ರಟ್ಟಿನಿಂದಲೂ ಆಗುವುದಿಲ್ಲ, ಪೌಡರಿನಿಂದಲೂ ಆಗುವುದಿಲ್ಲ.

ಹೊಸ ಕನೆಕ್ಟರ್ ಹಾಕಲು ಚೇಂಬರ್ ಬಿಚ್ಚುವ ಅಗತ್ಯವೇ ಬರಲಿಲ್ಲ. ಪ್ಯಾಕಿಂಗ್ ಅಂದಿದ್ದ ಅದೇ ಮೆಕ್ಯಾನಿಕ್ ಪಿಟ್‌ಗೆ ಇಳಿದು ಬದಲಾಯಿಸಿದರು. ಆಮೇಲೆ ಟಾರ್ಚ್ ಇಸಿದುಕೊಂಡು ಗ್ಯಾರೇಜಿನಲ್ಲಿದ್ದ ಬೇರೆ ಗಾಡಿಗಳ ಕೆಳಗೆಲ್ಲ ಬಿಟ್ಟು ನೋಡುತ್ತಿದ್ದರು. ಅವುಗಳಲ್ಲಿ ಬಣ್ಣ ಎಲ್ಲಿರುತ್ತೆ ಅಂದರೆ, "ಸುಮ್ನೆ ನೋಡೋಣ ಸಾರ್" ಅಂದರು.

ಎರಡು ದಾರಿ ನಾನು ಬೇಕೆಂದೇ ಬಿಟ್ಟೆ. ಬ್ರೀದರ್ ಮೂಲಕ ಗಾಳಿ ಒತ್ತಿ ಗುಳ್ಳೆ ನೋಡುವುದು ಒಂದು. ಒತ್ತಡ ಸ್ವಲ್ಪ ಜಾಸ್ತಿಯಾದರೂ ಚೆನ್ನಾಗಿರುವ ಸೀಲ್ ಎದ್ದು ಬರಬಹುದು. ಇನ್ನೊಂದು, ಲೀಕ್ ನಿಲ್ಲಿಸುತ್ತೇವೆ ಅನ್ನುವ ಬಾಟಲಿಗಳು. ಅವು ರಬ್ಬರನ್ನು ಊದಿಸಿ ಕೆಲವು ಕಾಲ ಸೋರಿಕೆ ತಡೆಯಬಹುದು, ಜಾಗ ತೋರಿಸುವುದಿಲ್ಲ. ಗಟ್ಟಿಯಾಗಿ ಬಿರುಕು ಬಿಟ್ಟ ಓ ರಿಂಗನ್ನು ಯಾವ ಬಾಟಲಿಯೂ ಮೊದಲಿನಂತೆ ಮಾಡುವುದಿಲ್ಲ.

ಯಾರಾದರೂ ಒಂದನ್ನೇ ಆರಿಸು ಅಂದರೆ ಯುವಿ ಅನ್ನುತ್ತೇನೆ, ತೊಳೆಯುವ ಕೆಲಸ ಅದರ ಜೊತೆಗೇ ಸೇರಿದೆ ಅನ್ನುವ ಷರತ್ತಿನ ಮೇಲೆ. ರಿಪೇರಿ ಆದ ಮೇಲೆ ಕೆಲಸ ಸರಿಯಾಗಿದೆಯಾ ಅಂತ ಪರೀಕ್ಷಿಸಲೂ ಅದೇ ಬಣ್ಣ ಉಪಯೋಗಕ್ಕೆ ಬರುತ್ತದೆ. ಇನ್ನೊಮ್ಮೆ ಒರೆಸಿ, ಅತ್ತಿಗುಂಡಿ ಹತ್ತಿಸಿ, ಟಾರ್ಚ್ ಬಿಟ್ಟರೆ ಸಾಕು. ಮುಂದಿನ ಸಲ ಎಣ್ಣೆ ಬದಲಾಯಿಸುವ ತನಕ ಬಣ್ಣ ಒಳಗೇ ಇರುತ್ತದೆ, ಬೇರೆ ಕಡೆ ಜಿನುಗಿದರೂ ಹೇಳುತ್ತದೆ. ಕನೆಕ್ಟರ್ ಈಗ ಒಣಗಿದೆ. ಕೂಲರ್ ಪೈಪಿನ ಕ್ರಿಂಪ್ ಇನ್ನೂ ಮಸುಕಾಗಿ ಹೊಳೆಯುತ್ತಿದೆ, ತೊಟ್ಟಿಕ್ಕುತ್ತಿಲ್ಲ. ಪೈಪ್ ತರಿಸಲು ಹೇಳಿದ್ದೇನೆ. ಅದು ಬರುವ ತನಕ ಕಣದ ಪಕ್ಕ ರಟ್ಟು ಹಾಸಿಯೇ ನಿಲ್ಲಿಸುತ್ತೇನೆ.