ಸದಾಶಿವಗಡದ ಗಿಟಾರ್ ಅಂಕಲ್ ಮತ್ತು ನನ್ನ ಝರ್ರ್ ಅನ್ನುತ್ತಿದ್ದ ತಂತಿ

ಚೌತಿಗೆ ಇನ್ನು ಹದಿನೆಂಟೇ ದಿನ ಇತ್ತು, ಆಗ ನನ್ನ ಎಲೆಕ್ಟ್ರಿಕ್ ಗಿಟಾರ್ ಕೈಕೊಟ್ಟಿತು. ದಪ್ಪ ತಂತಿಯ ಮೂರನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ಮೀಟಿದರೆ ಸ್ವರದ ಜೊತೆಗೇ ಝರ್ರ್ ಅಂತ ಒಂದು ಸದ್ದು, ಬೆಂಕಿಪೆಟ್ಟಿಗೆಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ. ಪಕ್ಕದ ತಂತಿಯಲ್ಲೂ ಅದೇ ಕಥೆ. ಸ್ವರ ಉದ್ದಕ್ಕೆ ನಿಲ್ಲುತ್ತಲೇ ಇರಲಿಲ್ಲ, ಅಲ್ಲೇ ಸತ್ತುಹೋಗುತ್ತಿತ್ತು. ಕಾರವಾರದ ಕೋಡಿಬಾಗದ ನಮ್ಮ ಓಣಿಯ ಗಣಪತಿ ಮುಂದೆ ಹನ್ನೊಂದು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದೇನೆ. ಆ ಸದ್ದು ಇಟ್ಟುಕೊಂಡು ಸ್ಟೇಜ್ ಹತ್ತಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಒಂದು ದೊಡ್ಡ ಊರಿನ ಅಂಗಡಿಗೆ ವಿಡಿಯೋ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು: ಫ್ರೆಟ್ ಎಲ್ಲ ಸವೆದಿವೆ, ಪೂರ್ತಿ ಬದಲಿಸಬೇಕು, ಏಳು ಸಾವಿರ, ಮೂರು ವಾರ. ಗಿಟಾರನ್ನು ಕೈಯಲ್ಲಿ ಹಿಡಿಯದೆ ಅಷ್ಟು ಖಚಿತವಾಗಿ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಚರ್ಚ್‌ನಲ್ಲಿ ಕೀಬೋರ್ಡ್ ನುಡಿಸುವ ಗೆಳೆಯ ಸದಾಶಿವಗಡದ ಅಂಕಲ್ ಹೆಸರು ಹೇಳಿದ. ಅವರ ಮನೆಗೆ ಬೋರ್ಡ್ ಇಲ್ಲ, ಹೊರಗಿನ ಜಗಲಿಯೇ ಕಾರ್ಖಾನೆ. ಹಿಂದೆ ಬಡಗಿ ಕೆಲಸ, ಜೊತೆಗೆ ಗೋವಾ ಕಡೆಯ ಮದುವೆ ಬ್ಯಾಂಡ್‌ಗಳಲ್ಲಿ ಗಿಟಾರ್. ಈಗ ರಿಪೇರಿ ಮಾತ್ರ.

ಸೇತುವೆ ದಾಟಿ ಹೋದೆ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದಾಗಿನಿಂದ ಆ ದಾರಿಯಲ್ಲಿ ಹೋಗುವಾಗೆಲ್ಲ ಮೈ ಸ್ವಲ್ಪ ಬಿಗಿಯಾಗುತ್ತದೆ. ಮಳೆ ಹೊಯ್ಯುತ್ತಲೇ ಇತ್ತು, ಗಿಟಾರ್ ಚೀಲದ ಮೇಲೆ ಪ್ಲಾಸ್ಟಿಕ್ ಸುತ್ತಿದ್ದೆ.

ಅಂಕಲ್ ಕೈಗೆ ಉಪಕರಣ ತೆಗೆದುಕೊಳ್ಳಲಿಲ್ಲ. "ಪುತಾ, ಮೊದ್ಲು ನೀನು ಬಾರ್ಸು, ನಾನು ಕೇಳ್ತೆ" ಅಂದರು. ಪ್ರತಿ ತಂತಿ, ಪ್ರತಿ ಫ್ರೆಟ್, ಒಂದೊಂದೇ ಬಾರಿಸಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಾ, ಸದ್ದು ಬಂದ ಜಾಗಕ್ಕೆಲ್ಲ ಒಂದು ಹಳೆ ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಆಮೇಲೆ ಸದ್ದು ದೊಡ್ಡದು ಮಾಡುವ ಸಣ್ಣ ಆಂಪ್‌ಗೆ ಸಿಕ್ಕಿಸಿ ಮತ್ತೆ ಬಾರಿಸಲು ಹೇಳಿದರು. ಆಂಪ್ ಇಲ್ಲದೆ ಬಾರಿಸಿದಾಗ ಮಾತ್ರ ಕೇಳಿ ಆಂಪ್‌ನಲ್ಲಿ ಕೇಳದ ಸದ್ದಾದರೆ ಅದನ್ನು ಬಿಟ್ಟುಬಿಡಬಹುದಂತೆ. ನನ್ನದು ಆಂಪ್‌ನಲ್ಲೂ ಕೇಳುತ್ತಿತ್ತು. ಇಷ್ಟಕ್ಕೇ ಮುಕ್ಕಾಲು ಗಂಟೆ ಹೋಯಿತು. ನನ್ನ ಪ್ರಕಾರ ಇವರ ಹತ್ತಿರ ಹೋಗಬೇಕಾದ್ದೇ ಈ ಮುಕ್ಕಾಲು ಗಂಟೆಗೆ.

ಆ ಪುಸ್ತಕ ತೋರಿಸಿ ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಏನೂ ಒತ್ತದೆ ಖಾಲಿ ಮೀಟಿದಾಗ ಮಾತ್ರ ಝರ್ರ್ ಅಂದರೆ, ತಲೆಯ ಹತ್ತಿರ ತಂತಿ ಕೂರುವ ನಟ್‌ನ ಕಚ್ಚು ತೀರಾ ಆಳವಾಗಿದೆ ಅಂತ ಅನುಮಾನಿಸಬೇಕು. ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿದಾಗ ಸದ್ದು ಹೋದರೆ ಅನುಮಾನ ಇನ್ನೂ ಗಟ್ಟಿ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲೇ ಗಲಾಟೆ ಇದ್ದರೆ ನೆಕ್, ಅಂದರೆ ಗಿಟಾರಿನ ಕತ್ತು, ತೀರಾ ನೆಟ್ಟಗಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಒಂದೇ ಒಂದು ಕಡೆ ಮಾತ್ರ ಅಂದರೆ ನೀವು ಒತ್ತಿದ ಫ್ರೆಟ್‌ನದು ತಪ್ಪಲ್ಲ, ಅದರ ಮುಂದಿನದು ಎದ್ದಿದೆ. ನನಗೆ ಮೂರನೇ ತಂತಿಯ ಎಂಟನೇ ಫ್ರೆಟ್‌ನಲ್ಲಿ ಹಾಗಿತ್ತು. ಅವರು ಎಟಿಎಂ ಕಾರ್ಡಿನ ಅಂಚನ್ನು ಎಂಟು, ಒಂಬತ್ತು, ಹತ್ತು, ಈ ಮೂರರ ಮೇಲೆ ನಿಲ್ಲಿಸಿದರು. ಕಾರ್ಡು ತಕ್ಕಡಿಯ ಹಾಗೆ ಒಂಬತ್ತರ ಮೇಲೆ ಅತ್ತಿತ್ತ ಆಡಿತು. ನಾನೇ ಕೈಯಲ್ಲಿ ಹಿಡಿದು ನೋಡಿದೆ.

ಆಮೇಲೆ ಕೇಳಿದರು, "ತಂತಿ ಯಾವಾಗ ಬದ್ಲಿ ಮಾಡ್ದೆ? ಯಾವ ನಂಬರ್?"

ಜೂನ್‌ನಲ್ಲಿ. ಮೊದಲು ಹತ್ತರ ಸೆಟ್ ಹಾಕುತ್ತಿದ್ದೆ (ನಂಬರ್ ಕಡಿಮೆಯಾದಷ್ಟು ತಂತಿ ತೆಳ್ಳಗೆ), ಬೆರಳು ನೋವು ಅಂತ ಒಂಬತ್ತರ ಸೆಟ್‌ಗೆ ಬಂದಿದ್ದೆ. ಕಾರಣ ಅಲ್ಲೇ ಇತ್ತು. ಹತ್ತರ ಸೆಟ್ ಶ್ರುತಿಯಲ್ಲಿರುವಾಗ ನೆಕ್ಕನ್ನು ಸುಮಾರು 46 ಕೆಜಿ ಬಲದಲ್ಲಿ ಎಳೆಯುತ್ತದೆ, ಒಂಬತ್ತರದ್ದು 38ರ ಆಸುಪಾಸು. ನನ್ನದು ಸ್ಪ್ರಿಂಗ್ ಮೇಲೆ ತೇಲುವ ಬ್ರಿಡ್ಜ್ (ತಂತಿಗಳ ಕೆಳತುದಿ ಹಿಡಿದಿರುವ ಭಾಗ). ತಂತಿಯ ಎಳೆತ ಕಡಿಮೆಯಾದ ಕೂಡಲೇ ಹಿಂದಿನ ಸ್ಪ್ರಿಂಗ್‌ಗಳು ಗೆದ್ದು ಬ್ರಿಡ್ಜನ್ನು ಮರಕ್ಕೆ ಅಂಟುವ ಹಾಗೆ ಎಳೆದಿದ್ದವು, ತಂತಿಗಳೆಲ್ಲ ಕೆಳಗೆ ಇಳಿದಿದ್ದವು. ಅದೇ ಹೊತ್ತಿಗೆ ನೆಕ್‌ನೊಳಗಿನ ಟ್ರಸ್ ರಾಡ್‌ಗೆ (ನೆಕ್‌ನ ಬಾಗು ಹೊಂದಿಸುವ ಲೋಹದ ಸರಳು) ಎದುರಾಗಿ ಎಳೆಯುವ ಬಲವೂ ತಗ್ಗಿ, ಇರಬೇಕಾದ ಸಣ್ಣ ಬಾಗು ಮಾಯವಾಗಿತ್ತು. ಫ್ರೆಟ್ ಸವೆದಿದ್ದು ಕಾರಣವೇ ಅಲ್ಲ. ಅಂಕಲ್ ಬೆರಳಿನಿಂದ ಸವರಿ, "ಇನ್ನೂ ಐದಾರು ವರ್ಷ ಬರ್ತದೆ, ಇದಕ್ಕೆ ಅರ ಹಾಕುದು ಪಾಪ" ಅಂದರು. ಅರ ಹಾಕಿದ್ದರೆ ಅವರಿಗೆ ನಾಲ್ಕು ಪಟ್ಟು ದುಡ್ಡು ಸಿಗುತ್ತಿತ್ತು.

ನನ್ನ ಅಪ್ಪ ಹಿಂದೂಸ್ತಾನಿ ಹಾಡುವವರು, ಮನೆಯಲ್ಲಿ ತಂಬೂರಿ ಇದೆ. ಅದರ ಬ್ರಿಡ್ಜ್ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಸರಿಸಿ ಅಪ್ಪ ಜವಾರಿ ಹಿಡಿಯುವುದನ್ನು ನೋಡುತ್ತಾ ಬೆಳೆದವನು ನಾನು. ಅಲ್ಲಿ ಆ ಝೇಂಕಾರಕ್ಕಾಗಿಯೇ ಅರ್ಧ ಗಂಟೆ ಕೂರುತ್ತಾರೆ. ಇಲ್ಲಿ ಅದೇ ಥರದ ಸದ್ದನ್ನು ಓಡಿಸಲು ಇನ್ನೊಬ್ಬ ಹಿರಿಯರು ಅಷ್ಟೇ ತಾಳ್ಮೆಯಿಂದ ಕೂತಿದ್ದರು. ಗಿಟಾರ್ ತಂತಿ ಲೋಹದ ಫ್ರೆಟ್‌ಗೆ ಬಡಿದು ತನ್ನ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೇ ಸ್ವರ ಬೇಗ ಸಾಯುವುದು.

ಹಿಂಬದಿಯ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಪ್ರತಿ ಸಲ ಶ್ರುತಿ ಮಾಡಿ, ಬ್ರಿಡ್ಜ್‌ನ ಹಿಂಬದಿ ಮರದಿಂದ ಮೂರು ಮಿಲಿಮೀಟರ್ ಏಳುವವರೆಗೆ ತಂದರು. ಟ್ರಸ್ ರಾಡ್ ಕಾಲು ಸುತ್ತು ಮಾತ್ರ ಸಡಿಲ, ಅದಕ್ಕಿಂತ ಹೆಚ್ಚು ಒಂದೇ ದಿನ ತಿರುಗಿಸಲು ಒಪ್ಪಲಿಲ್ಲ. ಎದ್ದಿದ್ದ ಒಂಬತ್ತನೇ ಫ್ರೆಟ್ಟನ್ನು ಮರದ ಕೊಡತಿಯಿಂದ ಮೆತ್ತಗೆ ಬಡಿದು ಕೂರಿಸಿ, ಸೂಜಿಮೊನೆಯಷ್ಟು ಅಂಟು ಬಿಟ್ಟರು. ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್‌ನ ಪುಟ್ಟ ಸ್ಕ್ರೂಗಳು ಮಾತ್ರ ಅಲುಗಲಿಲ್ಲ. ನಮ್ಮ ಸಮುದ್ರದ ಗಾಳಿಗೆ ತುಕ್ಕು ಹಿಡಿದು ಕೆಂಪಾಗಿದ್ದವು. ಬಲ ಹಾಕಿದರೆ ತಲೆ ಸವೆಯುತ್ತದೆ ಅಂತ, ಹೊಲಿಗೆ ಮಷಿನ್ ಎಣ್ಣೆಯನ್ನು ಕಡ್ಡಿಯ ತುದಿಯಲ್ಲಿ ಹನಿಹನಿಯಾಗಿ ಬಿಟ್ಟು, "ನಾಳೆ ಬಾ" ಅಂದರು.

ಮರುದಿನ ಸ್ಕ್ರೂ ಬೆಣ್ಣೆಯ ಹಾಗೆ ತಿರುಗಿದವು. ಮೊದಲ ಫ್ರೆಟ್‌ಗೆ ಕೇಪೋ ಹಾಕಿ, ಕೊನೆಯ ಫ್ರೆಟ್ ಒತ್ತಿ, ಏಳೆಂಟನೇ ಫ್ರೆಟ್ ಹತ್ತಿರ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್‌ಗೆ ಇಡುತ್ತಾರಲ್ಲ, ಅದೇ ಗೇಜ್. 0.25 ಮಿಲಿಮೀಟರ್ ಎಲೆ ತಂತಿಗೆ ತಾಗಿಯೂ ತಾಗದ ಹಾಗೆ ಜಾರಿತು. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿ 2 ಮಿಲಿಮೀಟರ್ ಎತ್ತರ, ಸಣ್ಣ ತಂತಿ 1.6. ಅಳೆಯುವಾಗ ಗಿಟಾರನ್ನು ಮೇಜಿನ ಮೇಲೆ ಮಲಗಿಸಬಾರದು, ನುಡಿಸುವ ಭಂಗಿಯಲ್ಲೇ ಹಿಡಿಯಬೇಕು ಅನ್ನುವುದನ್ನು ಅಲ್ಲಿ ಕಲಿತೆ.

ಮನೆಗೆ ತಂದು ಮೂರನೇ ಫ್ರೆಟ್ ಒತ್ತಿ ಮೀಟಿದೆ. ಸ್ವರ ತಾನಾಗಿ ಕರಗುವವರೆಗೂ ಅಪ್ಪ ಒಳಗಿನ ಕೋಣೆಯಿಂದ ಕೇಳುತ್ತಾ ನಿಂತಿದ್ದರು.

ಎರಡು ದಿನದ ಕೆಲಸಕ್ಕೆ ತೆಗೆದುಕೊಂಡದ್ದು ಆರುನೂರು ರೂಪಾಯಿ. ಕೊರತೆ ಇಲ್ಲ ಅಂತಲ್ಲ. ಫೋನ್ ಎತ್ತುವುದಿಲ್ಲ, ಭಾನುವಾರ ಕೆಲಸ ಇಲ್ಲ, ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಅಥವಾ ವೈರಿಂಗ್ ಮುಟ್ಟುವುದಿಲ್ಲ. ಅವಸರ ಇದ್ದವರಿಗೆ ಸರಿಹೋಗಲಿಕ್ಕಿಲ್ಲ. ಜಗಲಿಯಲ್ಲಿ ಮಳೆ ಎರಚಲು ಬರುತ್ತದೆ, ಗಿಟಾರ್ ರಾತ್ರಿ ಬಿಟ್ಟು ಬರುವುದಾದರೆ ಚೀಲ ಕೊಟ್ಟೇ ಬನ್ನಿ. ಬೆಳಿಗ್ಗೆ ಹತ್ತರೊಳಗೆ ಹೋದರೆ ಸಿಗುತ್ತಾರೆ. ಯಾವ ನಂಬರಿನ ತಂತಿ ಹಾಕಿದ್ದೀರಿ, ಮೊದಲು ಯಾವುದಿತ್ತು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ.