ಮಾಡೆಲ್ ಕಟ್ಟಲು ಮೇಜು ಮಾಡಿಸುವವರೇ, ಅಂಚು ಮುಚ್ಚುವ ಮೊದಲು ಹೋಗಿ ನೋಡಿ

ವಿಮಾನದಂಥವುಗಳ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಕಟ್ಟುವುದಕ್ಕೆಂದು ಮೇಜು ಮಾಡಿಸಲು ಹೊರಟವರು ಯಾರಾದರೂ ಇದ್ದರೆ, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. 26,000 ರೂಪಾಯಿ ಕೊಟ್ಟು ನಾನು ಮರದ ಹೊಟ್ಟಿನ ಹಲಗೆಯನ್ನು ಮನೆಗೆ ತಂದುಕೊಂಡಿದ್ದೇನೆ. ಮೂರು ವಾರದಿಂದ ಇದನ್ನು ಬರೆಯಬೇಕೆಂದು ಕೂರುವುದು, ನಾಚಿಕೆಯಾಗಿ ಏಳುವುದು, ಇದೇ ಆಗಿದೆ. ಇಂದು ಬರೆದೇ ಬಿಡುತ್ತೇನೆ.

ಅಂಗಡಿಯ ಹೆಸರು ಹಾಕುವುದಿಲ್ಲ. ಬೆಂಗಳೂರಿನಲ್ಲಿ ಹೇಳಿ ಮಾಡಿಸುವ ಪೀಠೋಪಕರಣದ ಅಂಗಡಿ, ಅಷ್ಟು ಸಾಕು. ಇಂಥವು ಪ್ರತಿ ಬಡಾವಣೆಯಲ್ಲೂ ಇವೆ.

ನಾನು ಕೇಳಿದ್ದು ದೊಡ್ಡದೇನಲ್ಲ. ಐದು ಅಡಿ ಉದ್ದ, ಎರಡೂವರೆ ಅಡಿ ಅಗಲ. 18 ಮಿ.ಮೀ. ಮರೀನ್ ಪ್ಲೈವುಡ್, ಮೇಲೆ 1 ಮಿ.ಮೀ. ಮೈಕಾ, ಅಂದರೆ ಗಟ್ಟಿ ಲ್ಯಾಮಿನೇಟ್ ಹಾಳೆ. ಏಕೆ ಹೀಗೆ ಎಂದು ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ನೀರು ಹಚ್ಚಿ ಎಮರಿ ಕಾಗದದಿಂದ ಉಜ್ಜುವುದು, ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಗುರುತಿನ ಚಿತ್ರ) ನೆನೆಸುವುದು, ಬಣ್ಣ ಸಿಂಪಡಿಸುವ ಏರ್‌ಬ್ರಷ್ ಅನ್ನು ಥಿನ್ನರ್‌ನಲ್ಲಿ ತೊಳೆಯುವುದು ಎಲ್ಲವೂ ಅದೇ ಮೇಜಿನ ಮೇಲೆ. ನನ್ನ ಹಳೆಯ ಮೇಜಿನ ಮೈಕಾದ ಮೇಲೆ ಹತ್ತು ವರ್ಷದಲ್ಲಿ ಎಷ್ಟು ಸಲ ಥಿನ್ನರ್ ಚೆಲ್ಲಿದೆಯೋ ಲೆಕ್ಕವಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಮುಗಿಯುತ್ತಿತ್ತು.

ಅಂಗಡಿಯವರು ಪ್ಲೈವುಡ್ಡಿನ ತುಂಡೊಂದನ್ನು ತೋರಿಸಿದರು. ಅದರ ಮೇಲೆ ಐಎಸ್‌ಐ ಗುರುತು, ಐಎಸ್ 710 ಎಂಬ ಸಂಖ್ಯೆ, ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಎಲ್ಲವೂ ಇದ್ದವು. ಐಎಸ್ 303 ಸಾಮಾನ್ಯ ಪ್ಲೈವುಡ್, 710 ಎಂದರೆ ಮರೀನ್, 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದು ಎಂಬುದೆಲ್ಲ ನನಗೆ ಗೊತ್ತಿತ್ತು. ಅಂಗಡಿಯಲ್ಲೇ ನಿಂತು, ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಪರವಾನಗಿ ಸಂಖ್ಯೆ ಹಾಕಿ ನೋಡಿದೆ. ಸರಿಯಾಗಿಯೇ ಇತ್ತು. ನಾನು ಹುಷಾರಾಗಿದ್ದೇನೆ ಎಂದುಕೊಂಡೆ. ಸ್ಯಾಂಪಲ್ ನಿಜವಾದದ್ದು, ಅದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ಮೇಜು ಸುಳ್ಳು.

13,000 ಮುಂಗಡ ಕೊಟ್ಟೆ. ರಸೀದಿ ಕೇಳಿದ್ದಕ್ಕೆ, "ಬಿಲ್ ಹಾಕಿದರೆ ಶೇ 18 ಜಿಎಸ್‌ಟಿ ನಿಮಗೇ ಹೊರೆ ಸರ್, ಎಸ್ಟಿಮೇಟ್ ಚೀಟಿ ಬರೆದುಕೊಡುತ್ತೇನೆ" ಎಂದರು. ಚೀಟಿಯಲ್ಲಿ "ವರ್ಕ್ ಟೇಬಲ್ 1" ಎಂದಷ್ಟೇ ಇತ್ತು. ಪ್ಲೈವುಡ್ ಎಂಬ ಪದವೂ ಇಲ್ಲ, ಮೈಕಾ ಎಂಬ ಪದವೂ ಇಲ್ಲ. ನಾಲ್ಕು ಸಾವಿರ ಚಿಲ್ಲರೆ ಉಳಿಯಿತೆಂದು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಅದು ನನ್ನದೇ ತಪ್ಪು.

ಹತ್ತು ದಿನ ಎಂದವರು ಇಪ್ಪತ್ತೆಂಟನೆಯ ದಿನ ತಂದರು. ಅಂಚುಗಳಿಗೆಲ್ಲ ಪಟ್ಟಿ ಅಂಟಿಸಿ ನಾಲ್ಕೂ ಕಡೆ ಮುಚ್ಚಿತ್ತು. ಒಳಗೇನಿದೆ ಎಂದು ತಿಳಿಯಲು ದಾರಿಯೇ ಇರಲಿಲ್ಲ. ನಾನು ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದಾಗ ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಒಂದು ಕಡೆ ಎತ್ತಿ ನೋಡಿ ಸರ್, ಎಷ್ಟು ಭಾರ ಇದೆ, ಅಸಲಿ ಮಾಲು." ಎತ್ತಿದೆ. ಭಾರವಿತ್ತು. ನಂಬಿದೆ. ಉಳಿದ 13,000 ಅಲ್ಲೇ ಮೊಬೈಲ್‌ನಿಂದ ಕಳುಹಿಸಿದೆ. ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಕೂಡ ಪ್ಲೈವುಡ್ಡಿನಷ್ಟೇ ಭಾರ ಇರುತ್ತದೆ, ಕೆಲವೊಮ್ಮೆ ಹೆಚ್ಚೇ ಇರುತ್ತದೆ. ಭಾರದಿಂದ ಏನೂ ತಿಳಿಯುವುದಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಅವರಿಗೆ ಆಗಲೇ ಗೊತ್ತಿತ್ತು.

ಎರಡನೆಯ ವಾರ ಏರ್‌ಬ್ರಷ್ ತೊಳೆಯುವಾಗ ಸೀಸೆ ಉರುಳಿ ಲ್ಯಾಕರ್ ಥಿನ್ನರ್ ಚೆಲ್ಲಿತು. ಒಂದು ಅಂಗೈಯಷ್ಟು, ಅಷ್ಟೇ. ಬಟ್ಟೆ ತಂದು ಒರೆಸಿದೆ. ಬಟ್ಟೆಯ ಜೊತೆಗೆ ಮೇಜಿನ ಮೇಲ್ಮೈಯೇ ಜರುಗಿತು. ಹಾಲಿನ ಕೆನೆ ಸುಕ್ಕುಗಟ್ಟುವ ಹಾಗೆ ಸುಕ್ಕುಗಟ್ಟಿತು. ಮೈಕಾ ಹಾಗೆ ಮಾಡುವುದಿಲ್ಲ, ಮೈಕಾ ಎಂದಿಗೂ ಹಾಗೆ ಮಾಡುವುದಿಲ್ಲ. ಅಂಟಿಸಿದ್ದು ತೆಳುವಾದ ಪಿವಿಸಿ ಹಾಳೆ. ಹರಿದ ಕಡೆ ಉಗುರಿನಿಂದ ಕೆರೆದೆ. ಕಂದು ಬಣ್ಣದ ಪುಡಿ ಉದುರಿತು. ಪದರವಿಲ್ಲ, ನಾರಿಲ್ಲ, ಬರೀ ಚೂರು ಮತ್ತು ಅಂಟು. ಕೈಯಲ್ಲಿ ಆ ಪುಡಿ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಮಾಡೆಲ್ ವಿಮಾನದ ಮೈಮೇಲೆ ಕೊರೆಯುವ 0.3 ಮಿ.ಮೀ. ಪ್ಯಾನೆಲ್ ಗೆರೆ ವಕ್ರವಾದರೆ ಕಂಡುಹಿಡಿಯುವ ಕಣ್ಣು ನನ್ನದು. ಐದು ಅಡಿ ಉದ್ದದ ಮೋಸ ಅದಕ್ಕೆ ಕಾಣಲಿಲ್ಲ.

ಅಂದೇ ಫೋಟೊ ಕಳುಹಿಸಿದೆ. ಅವರ ಉತ್ತರಗಳನ್ನು ಬಂದ ಕ್ರಮದಲ್ಲೇ ಹಾಕುತ್ತೇನೆ.

"ಕೆಮಿಕಲ್ ಚೆಲ್ಲಿದರೆ ಯಾವ ಮೇಜು ಉಳಿಯುತ್ತದೆ ಸರ್?"

ಕೆಮಿಕಲ್ ಚೆಲ್ಲುತ್ತದೆ ಎಂದೇ ಅಲ್ಲವೇ ಮೈಕಾ ಹೇಳಿದ್ದು ಎಂದು ಕೇಳಿದೆ. "ಇದೂ ಲ್ಯಾಮಿನೇಟೇ ಸರ್." ಒಳಗೆ ಪ್ಲೈವುಡ್ ಎಲ್ಲಿ ಎಂದೆ. "ಇದಕ್ಕೆ ಎಂಜಿನಿಯರ್ಡ್ ವುಡ್ ಎನ್ನುತ್ತಾರೆ, ವಿದೇಶದಲ್ಲೆಲ್ಲ ಇದನ್ನೇ ಬಳಸುವುದು." ಹಾಗಾದರೆ ನನಗೆ ತೋರಿಸಿದ ಐಎಸ್ 710 ತುಂಡು? "ಅದು ಕಾಲುಗಳಿಗೆ ಹಾಕಿದ್ದೇವೆ ಸರ್." ಕಾಲುಗಳಿಗೆ! ನೀರು ಬೀಳುವ ಹಲಗೆಗೆ ಹೊಟ್ಟು, ನೆಲಕ್ಕೆ ನಿಂತ ಕಾಲಿಗೆ ಮರೀನ್ ಪ್ಲೈವುಡ್! ಆಮೇಲೆ ಒಂದು ವಾರ "ಆಚಾರಿ ಊರಿಗೆ ಹೋಗಿದ್ದಾನೆ" ಎಂಬ ಒಂದೇ ಉತ್ತರ. ನಾನೇ ಅಂಗಡಿಗೆ ಹೋದೆ. ಅಲ್ಲಿ ಬೇರೆ ಗಿರಾಕಿಗಳ ಎದುರಿಗೆ ಹೇಳಿದರು: "ಮಕ್ಕಳ ಆಟದ ಸಾಮಾನು ಅಂಟಿಸುವ ಮೇಜಿಗೆ ಮರೀನ್ ಪ್ಲೈ ಯಾಕೆ ಬೇಕು ಸರ್ ನಿಮಗೆ?"

ಆ ಮಾತಿಗೆ ನಾನು ಉತ್ತರ ಕೊಡದೆ ಬಂದುಬಿಟ್ಟೆ. ಕೊಡಬೇಕಿತ್ತು.

ಏಕೆಂದರೆ ಆ ಮೇಜಿನ ಮೇಲಿದ್ದದ್ದು ಮಾರುತ್. ಎಚ್‌ಎಫ್-24, 1961ರ ಜೂನ್‌ನಲ್ಲಿ ಇದೇ ಬೆಂಗಳೂರಿನ ಆಕಾಶಕ್ಕೆ ಮೊದಲ ಸಲ ಏರಿದ ನಮ್ಮ ಜೆಟ್ ಯುದ್ಧವಿಮಾನ. ನಮ್ಮ ತಂದೆ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು, ಆ ವಿಮಾನದ ರೆಕ್ಕೆಗೆ ರಿವೆಟ್ ಹೊಡೆದವರು. ಈಗ ಅವರಿಗೆ 80 ದಾಟಿದೆ. ಅವರಿಗಾಗಿ ಸಿದ್ಧ ಬಿಡಿಭಾಗಗಳ ಕಿಟ್ ಇಲ್ಲದೆ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ, 1/72 ಅಳತೆಯಲ್ಲಿ ಸುಮಾರು 22 ಸೆಂ.ಮೀ. ಉದ್ದದ ಮಾರುತ್ ಕಟ್ಟುತ್ತಿದ್ದೆ. ಏಳು ತಿಂಗಳ ಕೆಲಸ.

ಹಾಳೆ ಹರಿದ ಜಾಗಕ್ಕೆ ಟೇಪ್ ಹಚ್ಚಿ ಕೆಲಸ ಮುಂದುವರಿಸಿದ್ದೆ. ಮಳೆಗಾಲ, ಜೊತೆಗೆ ಉಜ್ಜುವ ನೀರು. ಟೇಪಿನ ಅಡಿಯಿಂದ ನೀರಿಳಿದು ಹಲಗೆ ನೆನೆದ ರಸ್ಕಿನಂತೆ ಉಬ್ಬಿತು. ಭೂತಗನ್ನಡಿಯ ದೀಪವನ್ನು ಅಂಚಿಗೆ ಕ್ಲಾಂಪ್ ಹಾಕಿ ಬಿಗಿದಿದ್ದೆನಲ್ಲ, ಒಂದು ರಾತ್ರಿ ಆ ಅಂಚೇ ಪುಡಿಯಾಗಿ ಕಿತ್ತು ಬಂದು, ದೀಪ ನೇರವಾಗಿ ವಿಮಾನದ ಮೇಲೆ ಬಿತ್ತು. ಎಡ ರೆಕ್ಕೆ ಬುಡದಿಂದ ಮುರಿಯಿತು. ಸದ್ದು ಕೇಳಿ ತಂದೆಯೇ ಮೊದಲು ಬಂದರು. ಒಂದೊಂದೇ ಚೂರು ಆರಿಸಿ ಊಟದ ತಟ್ಟೆಯಲ್ಲಿ ಇಟ್ಟರು. ಏನೂ ಅನ್ನಲಿಲ್ಲ.

ಆ ಫೋಟೊವನ್ನೂ ಅಂಗಡಿಗೆ ಕಳುಹಿಸಿದೆ. ನೀಲಿ ಟಿಕ್ ಬಿತ್ತು, ಉತ್ತರವಿಲ್ಲ. ಮರುದಿನದಿಂದ ನನ್ನ ಸಂಖ್ಯೆಯನ್ನು ತಡೆಹಿಡಿದಿದ್ದಾರೆ.

ನೀವು ಮಾಡಬೇಕಾದದ್ದು ಇಷ್ಟೇ. ಅಂಚಿನ ಪಟ್ಟಿ ಅಂಟಿಸುವ ಮೊದಲು ಕೆಲಸ ನಡೆಯುವ ಜಾಗಕ್ಕೇ ಹೋಗಿ, ಕತ್ತರಿಸಿದ ಅಂಚನ್ನು ಕಣ್ಣಾರೆ ನೋಡಿ. ಪ್ಲೈವುಡ್ ಆದರೆ ಪದರಗಳು ಒಂದರ ಮೇಲೊಂದು ಬರಿಗಣ್ಣಿಗೇ ಕಾಣುತ್ತವೆ. ಬರಬೇಡಿ ಎಂದರೆ ಆ ಅಂಗಡಿಯೇ ಬೇಡ. ಬಿಲ್ಲಿನಲ್ಲಿ ದಪ್ಪ, ಐಎಸ್ ಸಂಖ್ಯೆ, ಮೈಕಾ ಎಂಬ ಪದ ಬರೆಸದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಶೇ 18 ಹೋದರೆ ಹೋಗಲಿ. ಭಾರ ನೋಡಿ ಎನ್ನುವವರನ್ನು ನಂಬಬೇಡಿ. ಮಾಡಿಸಿದ ಮೇಲೆಯೂ ಥಿನ್ನರ್ ಸೀಸೆಯನ್ನು ಅಗಲವಾದ ಸ್ಟೀಲ್ ತಟ್ಟೆಯೊಳಗೇ ಇಡಿ, ನೀರಿನ ಕೆಲಸವನ್ನು ಟ್ರೇಯಲ್ಲೇ ಮಾಡಿ. ಕಟಿಂಗ್ ಮ್ಯಾಟ್ ಹಾಸಿದ್ದೇನೆ, ಸಾಕು ಎಂದುಕೊಳ್ಳಬೇಡಿ. ನನ್ನದೂ ಹಾಸಿತ್ತು, ಚೆಲ್ಲಿದ್ದು ಅದರ ಆಚೆಗೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಮೊದಲು ಕೇಳಿದ್ದೇ ಬಿಲ್. ಚೀಟಿಯ ಫೋಟೊ, ಹಣ ಕಳುಹಿಸಿದ ದಾಖಲೆ, ಅವರ ಸಂದೇಶಗಳು, ನನ್ನ ಬಳಿ ಇರುವುದು ಇವಿಷ್ಟೇ, ಇವನ್ನೇ ಕೊಟ್ಟಿದ್ದೇನೆ. ಇದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಇದೇ ರೀತಿ ಮೋಸ ಹೋದವರಿದ್ದರೆ ನಿಮ್ಮ ಚೀಟಿಯನ್ನು ಎಸೆಯಬೇಡಿ.

ಹಲಗೆ ಬಾಲ್ಕನಿಯಲ್ಲಿ ಸಾಕ್ಷಿಗೆಂದು ಹಾಗೆಯೇ ಇದೆ, ದಿನವೂ ಉಬ್ಬುತ್ತಿದೆ. ನಾನು ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆ ಇಟ್ಟುಕೊಂಡು ಎಡ ರೆಕ್ಕೆಯನ್ನು ಮತ್ತೆ ಕತ್ತರಿಸುತ್ತಿದ್ದೇನೆ. ಅಳತೆ ಹಿಡಿದುಕೊಡುವವರು ತಂದೆ.