ವಿದೇಶದಿಂದ ಸಾಮಾನು ತರಿಸುವವರು ಹಣ ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ

ವಿದೇಶದ ಅಂಗಡಿಯ ಜಾಲತಾಣದಲ್ಲಿ ಕಾಣುವ ಬೆಲೆಗೂ, ಅದೇ ವಸ್ತು ಚಿಕ್ಕಮಗಳೂರಿನ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಕೈಬಿಟ್ಟುಹೋಗುವ ಹಣಕ್ಕೂ ಎಷ್ಟು ಅಂತರವಿರಬಹುದು ಎಂಬುದನ್ನು ನನಗೆ ಬಂದ ಬಿಲ್ಲಿನ ಮೂಲಕವೇ ತಿಳಿಸುವುದು ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲೂ ಪಕ್ಕದ ಹಾಸನ, ಸಕಲೇಶಪುರದ ಕಡೆಯೂ ತೋಟದ ಕಾಫಿಯನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿ, ರುಚಿ ನೋಡುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಹಲವರು ಬೀಜ ಪುಡಿ ಮಾಡುವ ಕೈಯಂತ್ರ, ತೇವಾಂಶ ಅಳೆಯುವ ಮೀಟರು, ಸಣ್ಣ ಹುರಿಯುವ ಯಂತ್ರ ಮುಂತಾದವನ್ನು ಹೊರದೇಶದಿಂದ ತರಿಸುವ ಯೋಚನೆಯಲ್ಲಿರುವುದರಿಂದ, ಮುಖ್ಯವಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ನಾನು 2023ರ ಮಳೆಗಾಲದಲ್ಲಿ ಜರ್ಮನಿಯ ಒಂದು ಅಂಗಡಿಯಿಂದ ಕಾಫಿ ಪುಡಿ ಮಾಡುವ ಕೈಯಂತ್ರವೊಂದನ್ನು ತರಿಸಿದೆ. ಮನೆಯ ಬಳಕೆಗೆ ಒಂದೇ ಒಂದು. ರೂಪಾಯಿ ಲೆಕ್ಕದಲ್ಲಿ ಯಂತ್ರದ ಬೆಲೆ 18,000, ಸಾಗಣೆ ವೆಚ್ಚ 3,500. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಇದರ ಮೇಲೆ. ಬೆಲೆಯ ಕೆಳಗೆ 'ಎಲ್ಲ ತೆರಿಗೆಗಳೂ ಸೇರಿವೆ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆ ಮಾತು ಸುಳ್ಳಲ್ಲ. ಆದರೆ ಸೇರಿದ್ದ ತೆರಿಗೆ ಜರ್ಮನಿಯ 19 ಪ್ರತಿಶತದ ವ್ಯಾಟ್ ಮಾತ್ರ, ಭಾರತದ ಸುಂಕಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಯುರೋಪ್ ಒಕ್ಕೂಟದ ಹೊರಗೆ ಕಳುಹಿಸುವ ಸರಕಿಗೆ ಅಲ್ಲಿಯ ಮಾರಾಟಗಾರ ಈ ವ್ಯಾಟ್ ಸೇರಿಸಬೇಕಾದ ಅಗತ್ಯವೇ ಇಲ್ಲ, ರಫ್ತು ಮಾಡಿದ ದಾಖಲೆ ಇಟ್ಟುಕೊಂಡರೆ ಸಾಕು. ಅನೇಕ ಅಂಗಡಿಗಳ ತಾಣದಲ್ಲಿ ವಿಳಾಸದ ಜಾಗದಲ್ಲಿ ಭಾರತ ಎಂದು ಆರಿಸಿದ ಕೂಡಲೇ ಬೆಲೆ ತಾನಾಗಿ ಇಳಿಯುವುದು ಈ ಕಾರಣಕ್ಕೆ. ನನ್ನ ಮಾರಾಟಗಾರ ಇಳಿಸಲಿಲ್ಲ. 18,000 ರೂಪಾಯಿಯಲ್ಲಿ ಸುಮಾರು 2,870 ರೂಪಾಯಿ ಆ ದೇಶದ ತೆರಿಗೆಯ ಪಾಲು. ಅದರ ಮೇಲೂ ಇಲ್ಲಿ ಸುಂಕ ಬಿದ್ದದ್ದರಿಂದ ಇನ್ನೂ 2,200 ರೂಪಾಯಿಯಷ್ಟು ಹೋಯಿತು. ತೆರಿಗೆಯ ಮೇಲೆ ತೆರಿಗೆ ಎಂದು ಸರ್ಕಾರವನ್ನು ಬೈಯುವುದು ಸುಲಭ, ಆದರೆ ಈ ಭಾಗಕ್ಕೆ ಕಾರಣ ಸರ್ಕಾರವಲ್ಲ.

ಮಾರಾಟಗಾರ ಮಾಡಿದ ಎರಡನೆಯ ಕೆಲಸ ಇದಕ್ಕಿಂತ ಹೆಚ್ಚು ಹಾನಿ ಮಾಡಿತು. ನನ್ನನ್ನು ಒಂದು ಮಾತೂ ಕೇಳದೆ, ಪೆಟ್ಟಿಗೆಯ ಮೇಲಿನ ಘೋಷಣೆಯಲ್ಲಿ ಯಂತ್ರದ ಬೆಲೆಯನ್ನು ನಿಜದ ಕಾಲುಭಾಗಕ್ಕಿಂತಲೂ ಕಡಿಮೆಯಾಗಿ ಬರೆದು ಕಳುಹಿಸಿದ. ಆಮೇಲೆ ವಿಚಾರಿಸಿದಾಗ, ಗ್ರಾಹಕರಿಗೆ ಅನುಕೂಲವಾಗಲೆಂದು ತಾವು ಎಲ್ಲರಿಗೂ ಹಾಗೆಯೇ ಮಾಡುವುದಾಗಿ ಬಹಳ ಹೆಮ್ಮೆಯಿಂದ ಉತ್ತರ ಬರೆದಿದ್ದ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಇಳಿದಾಗ ಸುಂಕದ ಅಧಿಕಾರಿಗಳಿಗೆ ಆ ಬೆಲೆಯ ಮೇಲೆ ಅನುಮಾನ ಬಂತು. ಅಂಥ ಯಂತ್ರ ಅಷ್ಟು ಅಗ್ಗಕ್ಕೆ ಸಿಗುವುದಿಲ್ಲ ಎಂದು ತಿಳಿಯಲು ಅವರಿಗೆ ಅದೇ ಅಂಗಡಿಯ ಜಾಲತಾಣ ತೆರೆದರೆ ಸಾಕು. ಘೋಷಿತ ಮೌಲ್ಯವನ್ನು ನಂಬಲು ಕಾರಣವಿಲ್ಲವೆಂದು ಕಂಡರೆ ದಾಖಲೆ ಕೇಳುವ, ಆ ಮೌಲ್ಯವನ್ನು ತಳ್ಳಿಹಾಕುವ ಅಧಿಕಾರ 2007ರ ಮೌಲ್ಯ ನಿರ್ಧಾರ ನಿಯಮಗಳಲ್ಲಿ ಅವರಿಗಿದೆ. ತಪ್ಪು ಘೋಷಣೆಯ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ದಂಡ ವಿಧಿಸುವುದಕ್ಕೂ 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಅವಕಾಶವಿದೆ. ಸರಕು ಬಂದಿರುವುದು ನಮ್ಮ ಹೆಸರಿಗೆ. ಆದ್ದರಿಂದ ಜರ್ಮನಿಯಲ್ಲಿ ಕುಳಿತವನು ಬರೆದ ಸುಳ್ಳಿಗೆ ಇಲ್ಲಿ ಉತ್ತರ ಹೇಳಬೇಕಾದವರು ನಾವೇ. ಅಂಗಡಿಯ ನಿಜವಾದ ಇನ್‌ವಾಯ್ಸ್ ಮತ್ತು ಕಾರ್ಡಿನ ಸ್ಟೇಟ್‌ಮೆಂಟ್ ಎರಡನ್ನೂ ಒದಗಿಸಿದ ಮೇಲೆ, ನನ್ನ ವಿಷಯದಲ್ಲಿ ದಂಡ ಹಾಕದೆ ನಿಜ ಬೆಲೆಗೆ ಸುಂಕ ಲೆಕ್ಕ ಹಾಕಿ ಬಿಟ್ಟರು. ಎಲ್ಲರಿಗೂ ಹಾಗೇ ಆಗುತ್ತದೆಂದು ಯಾರೂ ನೆಚ್ಚಿಕೊಳ್ಳಬಾರದು.

ಸುಂಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ವಸ್ತುವಿನ ಬೆಲೆಗೆ ಮಾತ್ರ ಸುಂಕ ಎಂದು ತಿಳಿದಿರುತ್ತಾರೆ. ಸುಂಕ ಬೀಳುವುದು ವಸ್ತುವಿನ ಬೆಲೆ, ಸಾಗಣೆ ಮತ್ತು ವಿಮೆ ಮೂರೂ ಸೇರಿದ ಮೊತ್ತಕ್ಕೆ. ನಾನು ವಿಮೆ ಮಾಡಿಸಿರಲಿಲ್ಲ. ಆದರೂ ವಿಮೆಯ ವೆಚ್ಚ ತಿಳಿಯದಿದ್ದಾಗ ಬೆಲೆಯ 1.125 ಪ್ರತಿಶತವನ್ನು ಸೇರಿಸಬೇಕೆಂಬ ನಿಯಮವಿರುವುದರಿಂದ 202 ರೂಪಾಯಿ ಸೇರಿತು. ಸಾಗಣೆಗೆ, ವಿಮಾನದಲ್ಲಿ ಬಂದ ಸರಕಾದರೆ, ಬೆಲೆಯ 20 ಪ್ರತಿಶತಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ನನ್ನ 3,500 ಆ ಮಿತಿಯ ಒಳಗೇ ಇತ್ತು. ಹೀಗೆ ಒಟ್ಟು ಮೌಲ್ಯ ಸುಮಾರು 21,700 ರೂಪಾಯಿ. ಸ್ವಂತ ಬಳಕೆಗೆಂದು ಬರುವ ವಸ್ತುಗಳನ್ನು ಸುಂಕದ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆಗೆ ಸೇರಿಸಲಾಗುತ್ತದೆ. ಆಗ ಅದಕ್ಕೆ ಮೂಲ ಸುಂಕ 35 ಪ್ರತಿಶತ, ಅಂದರೆ 7,595 ರೂಪಾಯಿ. ಆ ಸುಂಕದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್, ಸುಮಾರು 760 ರೂಪಾಯಿ. ಇವೆರಡನ್ನೂ ಮೌಲ್ಯಕ್ಕೆ ಸೇರಿಸಿ, ಬಂದ ಮೊತ್ತದ ಮೇಲೆ 28 ಪ್ರತಿಶತ ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ, ಸುಮಾರು 8,415 ರೂಪಾಯಿ. ಎಲ್ಲ ಕೂಡಿದರೆ 16,770 ರೂಪಾಯಿ. ಮೌಲ್ಯದ 77 ಪ್ರತಿಶತಕ್ಕಿಂತ ತುಸು ಹೆಚ್ಚು. 35ಕ್ಕೆ 28 ಕೂಡಿಸಿ 63 ಎಂದು ಬಾಯಿಲೆಕ್ಕ ಹಾಕುವವರು ಎಡವುವುದು ಇಲ್ಲಿಯೇ.

ಈ ದರಗಳು ಆಮೇಲೆ ಬದಲಾಗಿವೆ. 2025ರ ಬಜೆಟ್ಟಿನಲ್ಲಿ ಈ ಶೀರ್ಷಿಕೆಯ ಮೂಲ ಸುಂಕವನ್ನು 35ರಿಂದ 20 ಪ್ರತಿಶತಕ್ಕೆ ಇಳಿಸಲಾಯಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಎಸ್‌ಟಿಯ ಹಂತಗಳೂ ಬದಲಾದವು. ಆದ್ದರಿಂದ ನನ್ನ ಬಿಲ್ಲಿನ ಅಂಕಿಗಳನ್ನು ಹಾಗೆಯೇ ನಂಬದೆ, ತರಿಸುವ ದಿನದ ದರವನ್ನು ನೋಡಿಕೊಳ್ಳಬೇಕು. ಲೆಕ್ಕ ಹಾಕುವ ಕ್ರಮವನ್ನು ಮಾತ್ರ ಇಲ್ಲಿಂದ ತೆಗೆದುಕೊಳ್ಳಬಹುದು.

ಸರ್ಕಾರಕ್ಕೆ ಹೋಗುವ ಹಣ ಎಷ್ಟೇ ಇದ್ದರೂ ಅದಕ್ಕೆ ಒಂದು ನಿಯಮವಿದೆ, ಲೆಕ್ಕವಿದೆ. ನನಗೆ ನಿಜವಾಗಿ ಸಿಟ್ಟು ಬಂದದ್ದು ಕೊರಿಯರ್ ಕಂಪನಿಯ ಪಾಲಿನ ಬಗ್ಗೆ. ಇವರ ಪದ್ಧತಿ ಏನೆಂದರೆ, ಸುಂಕವನ್ನು ನಮ್ಮ ಪರವಾಗಿ ತಾವೇ ಮೊದಲು ಕಟ್ಟಿ ಪೆಟ್ಟಿಗೆ ಬಿಡಿಸಿಕೊಂಡು, ಆಮೇಲೆ ನಮ್ಮಿಂದ ವಸೂಲು ಮಾಡುತ್ತಾರೆ. ಹಾಗೆ ಮುಂಗಡವಾಗಿ ಕಟ್ಟಿದ್ದಕ್ಕೆ ಒಂದು ಶುಲ್ಕ ಹಾಕುತ್ತಾರೆ. ನನಗೆ ಹಾಕಿದ್ದು 750 ರೂಪಾಯಿ. ಅದರ ಜೊತೆಗೆ, ದಾಖಲೆ ಬರುವವರೆಗೆ ಪೆಟ್ಟಿಗೆ ಗೋದಾಮಿನಲ್ಲಿ ಉಳಿದುದಕ್ಕೆ 1,900 ರೂಪಾಯಿ. ಈ ಎರಡರ ಮೇಲೆ 18 ಪ್ರತಿಶತ ಜಿಎಸ್‌ಟಿ 477 ರೂಪಾಯಿ. ಎಲ್ಲವನ್ನೂ ಸೇರಿಸಿ 19,897 ರೂಪಾಯಿಯನ್ನು 'ಕಸ್ಟಮ್ಸ್ ಶುಲ್ಕ' ಎಂಬ ಒಂದೇ ಸಾಲಿನಲ್ಲಿ ತೋರಿಸಿ ಮೊಬೈಲಿಗೆ ಪಾವತಿಯ ಕೊಂಡಿ ಕಳುಹಿಸಿದ್ದರು. ಯಾರೇ ಆಗಲಿ ಅದನ್ನು ಓದಿದರೆ ಪೂರ್ತಿ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆಂದೇ ತಿಳಿಯುತ್ತಾರೆ.

ಗೋದಾಮಿನ ಶುಲ್ಕದ ಕಥೆ ಇನ್ನೂ ವಿಚಿತ್ರವಾಗಿದೆ. ದಾಖಲೆ ಕೇಳಿ ಅವರು ಮಿಂಚಂಚೆ ಕಳುಹಿಸಿದ ದಿನವೇ ನಾನು ಇನ್‌ವಾಯ್ಸ್, ಸ್ಟೇಟ್‌ಮೆಂಟ್, ಗುರುತಿನ ಚೀಟಿ ಎಲ್ಲವನ್ನೂ ಕಳುಹಿಸಿದ್ದೆ. ಅದು ತಲುಪಿದೆಯೆಂಬ ಉತ್ತರವೂ ಬಂದಿತ್ತು. ಆದರೆ ಒಂದು ವಿಭಾಗದವರು ಪಡೆದ ಕಾಗದ ಇನ್ನೊಂದು ವಿಭಾಗಕ್ಕೆ ಹೋಗದೆ, ಮತ್ತೆ ಮತ್ತೆ ಅವೇ ಕಾಗದಗಳನ್ನು ಕೇಳುತ್ತಿದ್ದರು. ಅಷ್ಟು ದಿನವೂ ಬಾಡಿಗೆ ಏರುತ್ತಿತ್ತು. ಬೆಂಗಳೂರಿನಲ್ಲಿರುವವರು ನೇರವಾಗಿ ಹೋಗಿ ಮೇಜಿನ ಮುಂದೆ ನಿಂತು ಮಾತಾಡಿಯಾರು, ನಮ್ಮ ಊರಿನವರಿಗೆ ಆ ಅನುಕೂಲವಿಲ್ಲ. ಚಿಕ್ಕಮಗಳೂರಿಗೆ ಬಟವಾಡೆ ಮಾಡುವುದು ಬೇರೊಂದು ಸಣ್ಣ ಸಂಸ್ಥೆ, ಅದಕ್ಕೆ ಸುಂಕದ ವಿಷಯ ಏನೂ ಗೊತ್ತಿರುವುದಿಲ್ಲ. ಹಾಸನದ ಶಾಖೆಗೆ ಹೋಗಿ ಕೇಳಿದರೆ, ಪೆಟ್ಟಿಗೆ ತಮ್ಮ ಕೈಗೆ ಬಂದ ಮೇಲಿನದು ಮಾತ್ರ ತಮ್ಮ ಜವಾಬ್ದಾರಿ ಎಂದರು. ಉಳಿದದ್ದು ದೂರವಾಣಿಯಲ್ಲಿ 'ನಿಮ್ಮ ದೂರನ್ನು ಮೇಲಿನವರಿಗೆ ಕಳುಹಿಸಿದ್ದೇವೆ ಸರ್' ಎಂಬ ವಿನಯದ ಮಾತು.

ಇಂಥ ಸಂದರ್ಭದಲ್ಲಿ ಕೇಳಿ ಪಡೆಯಬೇಕಾದ ಕಾಗದವೆಂದರೆ ಬಿಲ್ ಆಫ್ ಎಂಟ್ರಿ. ಕೊರಿಯರ್‌ನವರು ಸುಂಕದ ಇಲಾಖೆಗೆ ನಮ್ಮ ಹೆಸರಿನಲ್ಲಿ ಸಲ್ಲಿಸಿದ ದಾಖಲೆ ಅದು. ವಸ್ತುವನ್ನು ಯಾವ ಶೀರ್ಷಿಕೆಯಲ್ಲಿ ಸೇರಿಸಿದ್ದಾರೆ, ಮೌಲ್ಯ ಎಷ್ಟು ಹಿಡಿದಿದ್ದಾರೆ, ಯಾವ ವಿನಿಮಯ ದರ ಬಳಸಿದ್ದಾರೆ, ಪ್ರತಿಯೊಂದು ಸುಂಕ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ತಾವಾಗಿ ಕೊಡುವವರು ಕಡಿಮೆ; ಬರವಣಿಗೆಯಲ್ಲಿ ಕೇಳಿದರೆ ಕೊಡುತ್ತಾರೆ. ಅದು ಕೈಗೆ ಬರುವವರೆಗೆ ಹಣ ಕಟ್ಟದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ, ಏಕೆಂದರೆ ಕಟ್ಟಿದ ಮೇಲೆ ಉತ್ತರ ಕೊಡುವ ಅವಸರ ಅವರಿಗೆ ಇರುವುದಿಲ್ಲ. ಸುಂಕ ಹೆಚ್ಚಾಗಿ ಕಟ್ಟಿದ್ದೇವೆಂದು ಕಂಡರೆ ಕಟ್ಟಿದ ದಿನದಿಂದ ಒಂದು ವರ್ಷದೊಳಗೆ ಕಸ್ಟಮ್ಸ್ ಕಾಯ್ದೆಯ 27ನೇ ಕಲಮಿನಡಿ ಮರುಪಾವತಿ ಕೇಳಬಹುದು, ಅದಕ್ಕೂ ಈ ಕಾಗದ ಬೇಕೇ ಬೇಕು.

ಪೆಟ್ಟಿಗೆಯೇ ಬೇಡ ಎಂದು ಕೈ ತೊಳೆದುಕೊಳ್ಳುವುದು ಅಂದುಕೊಂಡಷ್ಟು ಸುಲಭವಲ್ಲ. ಬಿಡುಗಡೆಯ ಆದೇಶ ಆಗುವ ಮೊದಲೇ ಸರಕಿನ ಮೇಲಿನ ಹಕ್ಕು ಬಿಟ್ಟುಕೊಟ್ಟರೆ ಸುಂಕದ ಹೊಣೆ ಇರುವುದಿಲ್ಲ ಎಂದು ಕಾಯ್ದೆಯ 23ನೇ ಕಲಂ ಹೇಳುತ್ತದೆ. ಆದರೆ ಆ ಸರಕಿನ ವಿಷಯದಲ್ಲಿ ಅಪರಾಧ ನಡೆದಂತೆ ಕಂಡುಬಂದರೆ ಆ ದಾರಿ ಮುಚ್ಚಿಹೋಗುತ್ತದೆ. ಬೆಲೆ ಕಡಿಮೆ ಬರೆದ ಮಾರಾಟಗಾರನ 'ಅನುಕೂಲ' ಇಲ್ಲಿಯೂ ಅಡ್ಡ ಬರಬಹುದು. ಇನ್ನು ಕೊರಿಯರ್‌ನವರು ಆಗಲೇ ಸುಂಕ ಕಟ್ಟಿ ಬಿಡಿಸಿಕೊಂಡಿದ್ದರೆ, ಬಾಗಿಲಲ್ಲಿ ನಿರಾಕರಿಸಿದರೂ ಬಿಲ್ಲು ಬೆನ್ನು ಬಿಡುವುದಿಲ್ಲ.

ಪೆಟ್ಟಿಗೆಯ ಮೇಲೆ ಉಡುಗೊರೆ ಎಂದು ಬರೆಸಿದರೆ ಸುಂಕವಿಲ್ಲ ಎಂಬ ಮಾತು ಇಂದಿಗೂ ನಮ್ಮಲ್ಲಿ ಓಡಾಡುತ್ತಿದೆ. ಹಿಂದೆ 5,000 ರೂಪಾಯಿಯವರೆಗಿನ ಉಡುಗೊರೆಗೆ ವಿನಾಯಿತಿ ಇದ್ದದ್ದು ನಿಜ. 2019ರ ಡಿಸೆಂಬರಿನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು, ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆಯೆಂದು ಸರಕು ಬಿಡಿಸಿಕೊಳ್ಳುವುದನ್ನೇ ನಿಷೇಧಿಸಿತು. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ರಿಯಾಯಿತಿ. ಅಂದರೆ ಈಗ ಆ ಪದ ಬರೆಸುವುದರಿಂದ ಸುಂಕ ಉಳಿಯುವುದು ಹಾಗಿರಲಿ, ವಸ್ತುವೇ ಕೈತಪ್ಪಬಹುದು. ತೋಟದ ಅಥವಾ ಅಂಗಡಿಯ ಹೆಸರಿನಲ್ಲಿ ತರಿಸುವವರು ಮತ್ತೊಂದು ವಿಷಯ ಗಮನಿಸಬೇಕು: ಸ್ವಂತ ಬಳಕೆಗಾದರೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಡ, ವ್ಯಾಪಾರಕ್ಕಾದರೆ ಬೇಕು. 'ಇಂಥ ಎಸ್ಟೇಟ್' ಎಂದು ವಿಳಾಸ ಬರೆದರೆ ಕೊರಿಯರ್‌ನವರು ಅದನ್ನು ವ್ಯಾಪಾರವೆಂದೇ ಎಣಿಸಿ ಆ ಸಂಖ್ಯೆ ಕೇಳಿ ಕೂರುವ ಸಾಧ್ಯತೆ ಇದೆ. ಔಷಧಿ ಸಿಂಪಡಿಸಲೆಂದು ಡ್ರೋನ್ ತರಿಸುವ ಆಸೆ ಇದ್ದವರಂತೂ ಕೈಬಿಡುವುದು ಒಳ್ಳೆಯದು. 2022ರ ಫೆಬ್ರವರಿಯಿಂದ ಡ್ರೋನ್ ಆಮದಿಗೆ ನಿಷೇಧವಿದೆ.

ಪೆಟ್ಟಿಗೆ ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದ ಹೊತ್ತಿನಲ್ಲೇ, ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ತಡೆಹಿಡಿಯಲಾಗಿದೆ, ಕೂಡಲೇ ಈ ಕೊಂಡಿಯಲ್ಲಿ ಹಣ ಕಟ್ಟಿ ಎಂಬ ಇನ್ನೊಂದು ಸಂದೇಶ ಬಂತು. ಅದು ಶುದ್ಧ ಮೋಸ. ನಿಜವಾಗಿ ಪಾರ್ಸೆಲ್‌ಗೆ ಕಾಯುತ್ತಿರುವವರೇ ಇಂಥದಕ್ಕೆ ಬೇಗ ಬಲಿಯಾಗುತ್ತಾರೆ. ಸುಂಕದ ಇಲಾಖೆ ಯಾರ ಖಾಸಗಿ ಖಾತೆಗೂ ಹಣ ಹಾಕಿಸಿಕೊಳ್ಳುವುದಿಲ್ಲ, ಇಲಾಖೆಯ ಪತ್ರಗಳಿಗೆ 2019ರ ನವೆಂಬರಿನಿಂದ ಡಿಐಎನ್ ಎಂಬ ಸಂಖ್ಯೆ ಇರುತ್ತದೆ ಮತ್ತು ಅದನ್ನು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ತಾಣದಲ್ಲಿ ಪರೀಕ್ಷಿಸಬಹುದು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕೊರಿಯರ್‌ನವರದೇ ಎನಿಸುವ ಸಂದೇಶ ಬಂದರೂ ಕೊಂಡಿ ಒತ್ತದೆ, ಅವರ ತಾಣಕ್ಕೆ ನಾವೇ ಹೋಗಿ ಪಾರ್ಸೆಲ್ ಸಂಖ್ಯೆ ಹಾಕಿ ನೋಡುವುದು ಕ್ಷೇಮ.

ಮುಂದೆ ತರಿಸಲೇಬೇಕಾದವರಿಗೆ ನಾನು ಹೇಳುವುದು ಇಷ್ಟು. ಹಣ ಕಟ್ಟುವ ಮೊದಲು ಮಾರಾಟಗಾರನಿಗೆ ಬರೆದು, ಭಾರತದ ಸುಂಕ ಬೆಲೆಯಲ್ಲಿ ಸೇರಿದೆಯೋ ಇಲ್ಲವೋ, ತಮ್ಮ ದೇಶದ ತೆರಿಗೆಯನ್ನು ಕಳೆಯುತ್ತಾರೋ ಇಲ್ಲವೋ ಎಂದು ಉತ್ತರ ತರಿಸಿಕೊಳ್ಳಿ; ನಿಜ ಬೆಲೆಯನ್ನೇ ಬರೆದು, ಇನ್‌ವಾಯ್ಸನ್ನು ಪೆಟ್ಟಿಗೆಯ ಹೊರಗೆ ಅಂಟಿಸಬೇಕೆಂದು ಸ್ಪಷ್ಟವಾಗಿ ತಿಳಿಸಿ. ಅವಸರವಿಲ್ಲದಿದ್ದರೆ ಕೊರಿಯರ್ ಬದಲು ಅಂಚೆಯ ಮೂಲಕ ಕಳುಹಿಸಲು ಕೇಳಿ. ಅಂಚೆಯಲ್ಲೂ ಸುಂಕ ಬೀಳುತ್ತದೆ, ತಡವೂ ಆಗುತ್ತದೆ. ಆದರೆ ಸುಂಕ ಕಟ್ಟಿಸಿಕೊಂಡು ಪೆಟ್ಟಿಗೆ ಕೊಡುವವರು ನಮ್ಮ ಊರಿನ ಅಂಚೆಯವರೇ, ವಿಚಾರಿಸುವುದಕ್ಕೆ ಎದುರಿಗೊಬ್ಬ ಮನುಷ್ಯ ಇರುತ್ತಾನೆ.

ನನ್ನ ವಿಷಯದಲ್ಲಿ, ದಾಖಲೆ ತಲುಪಿದೆಯೆಂದು ಅವರೇ ಬರೆದಿದ್ದ ಮಿಂಚಂಚೆಯನ್ನು ಲಗತ್ತಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ ಮೇಲೆ, ಕೊರಿಯರ್ ಕಂಪನಿ ಗೋದಾಮಿನ 1,900 ರೂಪಾಯಿಯನ್ನೂ ಅದರ ಜಿಎಸ್‌ಟಿಯನ್ನೂ ಹಿಂದಿರುಗಿಸಿತು. ಮುಂಗಡ ಪಾವತಿಯ ಶುಲ್ಕವನ್ನು ಹಿಂದಿರುಗಿಸಲಿಲ್ಲ; ಅದು ತಮ್ಮ ಪ್ರಕಟಿತ ದರಪಟ್ಟಿಯಲ್ಲಿದೆ ಎಂದರು, ನೋಡಿದರೆ ಇತ್ತು. ಜರ್ಮನಿಯ ಮಾರಾಟಗಾರ ವ್ಯಾಟ್ ಹಣದ ಬಗ್ಗೆ ಬರೆದ ಪತ್ರಗಳಿಗೆ ಉತ್ತರಿಸುವುದನ್ನೇ ನಿಲ್ಲಿಸಿದ್ದಾನೆ.